ಹತ್ತಿ ಹೊಲದ ಗುನುಗು

ಪ್ರಶ್ನೆ: ಸರ್, ನಮ್ಮ ಕಡೆ ಹತ್ತಿ ಬಿಡಿಸುವಾಗ ಹೆಣ್ಣುಮಕ್ಕಳು ಹಾಡು ಹೇಳುತ್ತಾರೆ. ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’ ಎಂಬ ಇಂಗ್ಲಿಷ್ ಹಾಡು ಕೂಡ ಹತ್ತಿ ಹೊಲದಲ್ಲೇ ಹುಟ್ಟಿದ್ದು ಅಂತ ಗೆಳೆಯ ಹೇಳಿದ. ನಿಜವೇ?
– ಓದುಗ, ಮಾನ್ವಿ

ಉತ್ತರ: ಧಾಟಿಯ ಮಟ್ಟಿಗೆ ನಿಜ. ಅದನ್ನು ಮೊದಲು ಹಾಡಿದ ಪರ್ಸಿ ಸ್ಲೆಡ್ಜ್ ಅಮೆರಿಕದ ಅಲಬಾಮಾದವರು. ಚಿಕ್ಕಂದಿನಲ್ಲಿ ಹತ್ತಿ ಹೊಲದಲ್ಲಿ ಈ ಧಾಟಿ ಗುನುಗುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಆಸ್ಪತ್ರೆಯಲ್ಲಿ ಆರ್ಡರ್ಲಿ ಕೆಲಸ, ರಜೆ ದಿನ ತಂಡದ ಜೊತೆ ಹಾಡುವುದು. ಹುಡುಗಿ ಬಿಟ್ಟು ಹೋದ ನೋವಿಗೆ ಹಾಡು ಮೂಡಿತಂತೆ. ಆದರೆ ಬರೆದವರೆಂದು ದಾಖಲಾಗಿರುವುದು ತಂಡದ ಕ್ಯಾಲ್ವಿನ್ ಲೂಯಿಸ್, ಆಂಡ್ರ್ಯೂ ರೈಟ್ ಹೆಸರು. ಹಾಡನ್ನು ಅವರಿಗೆ ನಾನೇ ಬಿಟ್ಟುಕೊಟ್ಟೆ ಎನ್ನುತ್ತಿದ್ದರು ಸ್ಲೆಡ್ಜ್. ಎಂಥ ದುಬಾರಿ ಧಾರಾಳತನ, ಅಲ್ವಾ!

ಸಿರುಗುಪ್ಪ, ಗಂಗಾವತಿ ಕಡೆಯ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸಿದವನು ನಾನು. ನನ್ನ ಕಿವಿ ಮೊದಲು ಹೋಗುವುದು ಆರ್ಗನ್ ಕಡೆಗೆ. ಈ ಹಾಡಿಗೆ ಸ್ಪೂನರ್ ಓಲ್ಡಮ್ ಫಾರ್ಫಿಸಾ ಆರ್ಗನ್‌ನಲ್ಲಿ ಸುಮ್ನೆ ಸ್ವರ ಹಿಡಿದು ಕೂತಿದ್ದಾರೆ. ಕೈಚಳಕ ತೋರಿಸುವ ಚಪಲವೇ ಇಲ್ಲ. ಆ ಗಂಟಲಿಗೆ ಅಷ್ಟು ಜಾಗ ಬೇಕು. ಕೊನೆಗೆ ಬರುವ ಊದುವ ವಾದ್ಯಗಳು ಮಾತ್ರ ಶ್ರುತಿ ತಪ್ಪಿವೆ, ಕಿವಿಗೊಟ್ಟು ಕೇಳಿ. ರೆಕಾರ್ಡ್ ಹೊರತಂದ ಅಟ್ಲಾಂಟಿಕ್ ಕಂಪನಿಯವರು ಸರಿಪಡಿಸಲು ಹೇಳಿ, ಅದನ್ನು ಮತ್ತೆ ನುಡಿಸಿಯೂ ಆಗಿತ್ತಂತೆ. ಅಚ್ಚಾಗಿದ್ದು ಮಾತ್ರ ಹಳೇ ಟೇಪೇ! 1966ರ ಮೇ ತಿಂಗಳಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

1991ರಲ್ಲಿ ಮೈಕೆಲ್ ಬೋಲ್ಟನ್ ಹಾಡಿದ್ದೂ ಅಲ್ಲಿಗೇ ಹೋಯಿತು. ಶ್ರುತಿ ಬಲು ಚೊಕ್ಕ. ನನಗೆ ಮಾತ್ರ ಹಳೆಯದೇ ಸೈ.