ಜಪಾನೀ ಸೈನಿಕರ ಆತ್ಮಾಹುತಿ: ಸಮುರಾಯ್ ಪರಂಪರೆಯೇ, ಸೇನೆಯ ಕಟ್ಟಳೆಯೇ?

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೈನಿಕರು ಶರಣಾಗುವ ಬದಲು ಸಾಯುತ್ತಿದ್ದರೆಂದೂ ಅದು ಸಮುರಾಯ್‌ಗಳ ಕಾಲದಿಂದ ಬಂದ ಗುಣವೆಂದೂ ಓದಿದ್ದೇನೆ. ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಶಾಸನವಿರುವ ಕಂಬವನ್ನು ನೋಡಿದಾಗ, ಒಡೆಯನೊಂದಿಗೆ ಪ್ರಾಣ ಬಿಟ್ಟ ಹೊಯ್ಸಳರ ಗರುಡರೆಂಬ ಅಂಗರಕ್ಷಕರೂ ಇವರೂ ಒಂದೇ ಬಗೆಯವರೆನ್ನಿಸಿತು. ಈ ಹೋಲಿಕೆ ಸರಿಯೇ?
(ಹಾಸನದ ಓದುಗರೊಬ್ಬರು)

ಉತ್ತರ: ಹಳೆಯ ಜಪಾನಿನ ಮಟ್ಟಿಗೆ ನಿಮ್ಮ ಹೋಲಿಕೆ ಒಪ್ಪುತ್ತದೆ, 1941ರ ಜಪಾನೀ ಸೇನೆಗೆ ಒಪ್ಪುವುದಿಲ್ಲ. ವೀರಬಲ್ಲಾಳನೊಂದಿಗೆ ಪ್ರಾಣ ನೀಗಿದ ಕುವರ ಲಕ್ಷ್ಮನು ಒಡೆಯನ ಆಶ್ರಯದಲ್ಲಿ ಬೆಳೆದು, ವೇಳೆವಾಳಿ, ಅಂದರೆ ಒಡೆಯನೊಂದಿಗೇ ಸಾಯುವ ಪ್ರತಿಜ್ಞೆ, ತೊಟ್ಟವನು. ಅದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಕೊಟ್ಟ ಭಾಷೆ. ಜಪಾನಿನಲ್ಲಿಯೂ ಒಡೆಯ ಸತ್ತಾಗ ಆಪ್ತರಾದ ಸಮುರಾಯ್‌ಗಳು ಹೊಟ್ಟೆ ಸೀಳಿಕೊಂಡು ಅವನನ್ನು ಹಿಂಬಾಲಿಸುವ ವಾಡಿಕೆ ಇತ್ತು. ಆದರೆ ತೊಕುಗಾವಾ ಆಡಳಿತವು 1663ರಲ್ಲಿಯೇ ಅದನ್ನು ನಿಷೇಧಿಸಿತು. 1912ರಲ್ಲಿ ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ ಜನರಲ್ ನೊಗಿ ಮರೆಸುಕೆ ಮತ್ತು ಅವರ ಪತ್ನಿ ಪ್ರಾಣ ಕಳೆದುಕೊಂಡಾಗ ಜಪಾನೀಯರೇ ಬೆಚ್ಚಿಬಿದ್ದರು.

ಇಪ್ಪತ್ತನೆಯ ಶತಮಾನದ ಜಪಾನೀ ಸೈನಿಕ ಬಹುಪಾಲು ರೈತನ ಮಗ. 1873ರಲ್ಲಿ ಕಡ್ಡಾಯ ಸೈನ್ಯಸೇವೆ ಜಾರಿಗೆ ಬರುವವರೆಗೆ ಕತ್ತಿ ಹಿಡಿಯುವುದು ಸಮುರಾಯ್ ವರ್ಗಕ್ಕೆ ಮೀಸಲಾಗಿದ್ದ ಕೆಲಸವಾಗಿತ್ತು. ಹೊಲದಿಂದ ಬಂದ ಯುವಕನಿಗೆ ಯುದ್ಧದ ನಿಷ್ಠೆಯನ್ನು ಕಲಿಸಲೆಂದು 1882ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಹೊರಟ ಆಜ್ಞಾಪತ್ರವು ಕರ್ತವ್ಯ ಬೆಟ್ಟಕ್ಕಿಂತ ಭಾರ, ಸಾವು ಗರಿಗಿಂತ ಹಗುರ ಎಂದು ಬೋಧಿಸಿತು. ಆದರೂ ಆ ತಲೆಮಾರಿನ ಸೇನೆ ಸೆರೆಸಿಕ್ಕುವುದನ್ನು ಸಾವಿಗೆ ಸಮಾನವಾದ ಅಪರಾಧವೆಂದು ಎಣಿಸಲಿಲ್ಲ ಎಂಬುದೇ ನಿಮ್ಮ ಪ್ರಶ್ನೆಯ ಮಟ್ಟಿಗೆ ಅತ್ಯಂತ ಮುಖ್ಯವಾದ ಸಾಕ್ಷ್ಯ. 1904–05ರ ರಷ್ಯಾ ಯುದ್ಧದಲ್ಲಿ ಜಪಾನ್ 70 ಸಾವಿರಕ್ಕೂ ಹೆಚ್ಚು ರಷ್ಯನ್ ಸೆರೆಯಾಳುಗಳನ್ನು ಮತ್ಸುಯಾಮದಂತಹ ಊರುಗಳ ಶಿಬಿರಗಳಲ್ಲಿಟ್ಟು, ಲೋಕ ಮೆಚ್ಚುವಂತೆ ನೋಡಿಕೊಂಡಿತು. ರಷ್ಯನ್ನರ ಕೈಗೆ ಸಿಕ್ಕಿದ್ದ ಸುಮಾರು 2 ಸಾವಿರ ಜಪಾನೀಯರೂ ಯುದ್ಧ ಮುಗಿದ ಮೇಲೆ ಮನೆಗೆ ಮರಳಿದರು. ವಿಚಾರಣೆ ನಡೆಯಿತು, ಊರಿನಲ್ಲಿ ಕೆಲವರು ಹೀಯಾಳಿಕೆಯನ್ನೂ ಅನುಭವಿಸಿದರು; ಆದರೆ ಅವರು ಸಾಯಬೇಕಿತ್ತೆಂದು ಸೇನೆ ವಿಧಿಸಲಿಲ್ಲ. ಶರಣಾಗತಿಯ ಬಗೆಗಿನ ದ್ವೇಷ ಪರಂಪರೆಯಿಂದಲೇ ಬಂದ ಗುಣವಾಗಿದ್ದರೆ ಸಮುರಾಯ್ ಕಾಲಕ್ಕೆ ಇನ್ನೂ ಹತ್ತಿರವಿದ್ದ ಆ ಸೇನೆಯಲ್ಲಿ ಅದು ಹೆಚ್ಚಾಗಿ ಕಾಣಬೇಕಿತ್ತು.

ಬದಲಾವಣೆ ಬಲವಾದದ್ದು 1930ರ ದಶಕದಲ್ಲಿ. 1932ರ ಶಾಂಘೈ ಕದನದಲ್ಲಿ ಗಾಯಗೊಂಡು ಎಚ್ಚರ ತಪ್ಪಿದ್ದಾಗ ಚೀನೀಯರಿಗೆ ಸೆರೆಸಿಕ್ಕಿದ್ದ ಮೇಜರ್ ಕುಗಾ ನೊಬೊರು, ಬಿಡುಗಡೆಯಾಗಿ ಬಂದ ಮೇಲೆ ಅದೇ ರಣಭೂಮಿಗೆ ಹೋಗಿ ಗುಂಡು ಹಾರಿಸಿಕೊಂಡರು. ಪತ್ರಿಕೆಗಳೂ ಚಲನಚಿತ್ರಗಳೂ ಅವರನ್ನು ಆದರ್ಶಪುರುಷರನ್ನಾಗಿ ಮಾಡಿದವು. 1939ರಲ್ಲಿ ಮಂಗೋಲಿಯಾ ಗಡಿಯ ನೊಮೊನ್‌ಹಾನ್‌ನಲ್ಲಿ ಸೋವಿಯತ್ ಪಡೆಗಳಿಗೆ ಸೆರೆಸಿಕ್ಕು ಹಿಂದಿರುಗಿದ ಅಧಿಕಾರಿಗಳನ್ನು ಆತ್ಮಹತ್ಯೆಗೆ ದೂಡಲಾಯಿತು. 1941ರ ಜನವರಿಯಲ್ಲಿ ಸೇನಾ ಸಚಿವ ತೋಜೊ ಹಿದೆಕಿಯವರ ಹೆಸರಿನಲ್ಲಿ ಹೊರಬಂದ ರಣಾಂಗಣದ ನೀತಿಸಂಹಿತೆಯು, ಬದುಕುಳಿದು ಸೆರೆಯ ಅವಮಾನಕ್ಕೆ ಗುರಿಯಾಗಬಾರದೆಂದು ಬರಹದಲ್ಲಿಯೇ ವಿಧಿಸಿತು. ಯುದ್ಧಕೈದಿಗಳ ಕುರಿತಾದ 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತ್ತಾದರೂ ಅದನ್ನು ಅಂಗೀಕರಿಸಿರಲಿಲ್ಲ.

ಈ ಬೋಧನೆಗೆ ಶಕ್ತಿ ಕೊಟ್ಟದ್ದು ಸೈನಿಕನ ಹಿಂದೆ ನಿಂತಿದ್ದ ಮನೆ ಮತ್ತು ಊರು. ಒಂದೇ ಪ್ರದೇಶದ ಯುವಕರು ಒಂದೇ ರೆಜಿಮೆಂಟಿಗೆ ಸೇರುತ್ತಿದ್ದರು; ಊರೂರಿನಲ್ಲಿ ಮಾಜಿ ಸೈನಿಕರ ಸಂಘಗಳಿದ್ದವು; ಸೆರೆಸಿಕ್ಕ ಸುದ್ದಿ ತಲುಪಿದರೆ ತಂದೆತಾಯಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಬ್ಯಾರಕ್ಕಿನಲ್ಲಿ ಮೇಲಿನವರು ಹೊಸಬರನ್ನು ದಿನವೂ ಹೊಡೆಯುತ್ತಿದ್ದುದು ವಿಧೇಯತೆಯನ್ನು ಮೈಗೂಡಿಸುವ ಇನ್ನೊಂದು ದಾರಿ. ಶರಣಾದವರನ್ನು ಶತ್ರುಗಳು ಕೊಲ್ಲುತ್ತಾರೆಂಬ ಭಯವೂ ಇತ್ತು. ಪೆಸಿಫಿಕ್ ದ್ವೀಪಗಳಲ್ಲಿ ಅದು ಕೆಲವೊಮ್ಮೆ ನಿಜವೂ ಆಯಿತು. ಇಷ್ಟೆಲ್ಲದರ ನಡುವೆಯೂ ಸೆರೆಸಿಕ್ಕ ಜಪಾನೀ ಸೈನಿಕರು ಮಿತ್ರರಾಷ್ಟ್ರಗಳ ಅಧಿಕಾರಿಗಳೊಡನೆ ಮನಬಿಚ್ಚಿ ಮಾತನಾಡಿದರು. ಸೆರೆ ಎಂಬುದೇ ಸಾಧ್ಯವಿಲ್ಲವೆಂದು ಭಾವಿಸಿದ್ದ ಸೇನೆ, ಸೆರೆಯಲ್ಲಿ ಏನನ್ನು ಮುಚ್ಚಿಡಬೇಕೆಂದು ಅವರಿಗೆ ಕಲಿಸಿಯೇ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆಯಿದೆ. ಸೈನಿಕನ ಪ್ರಾಣತ್ಯಾಗದ ಹೊಗಳಿಕೆಯು ಮೇಲಧಿಕಾರಿಗಳ ಕರ್ತವ್ಯಲೋಪವನ್ನು ಮುಚ್ಚುವ ಸಾಧನವಾಯಿತು. ಅಲ್ಯೂಷಿಯನ್ ದ್ವೀಪಸಾಲಿನ ಅಟ್ಟುವಿನಲ್ಲಿ 1943ರ ಮೇ ತಿಂಗಳಿನಲ್ಲಿ ಸುಮಾರು 2,600 ಜನರ ಪಡೆ ಬಹುತೇಕ ಪೂರ್ತಿಯಾಗಿ ನಾಶವಾಯಿತು. ಸೆರೆಸಿಕ್ಕವರು ಮೂವತ್ತಕ್ಕಿಂತ ಕಡಿಮೆ. ಅವರಿಗೆ ನೆರವು ಕಳುಹಿಸುವುದಿಲ್ಲವೆಂದು ತೋಕ್ಯೊದ ಪ್ರಧಾನ ಕಾರ್ಯಾಲಯ ಅಷ್ಟರಲ್ಲೇ ತೀರ್ಮಾನಿಸಿತ್ತು. ಜನರಿಗೆ ಮಾತ್ರ ಅದನ್ನು ಅಮೂಲ್ಯ ರತ್ನವೊಂದು ಒಡೆದು ಚೂರಾದಂತಹ ಮಹೋನ್ನತ ಮರಣವೆಂದು ಸಾರಲಾಯಿತು.

ನಮ್ಮ ನೆಲದಲ್ಲಿಯೇ ನಡೆದ ಉದಾಹರಣೆ 1944ರ ಇಂಫಾಲ ಮತ್ತು ಕೊಹಿಮಾ ಕದನ. ಜನರಲ್ ಮುತಗುಚಿ ರೆನ್ಯಾ ಮೂರು ವಾರಗಳಷ್ಟೇ ಆಹಾರ ಕೊಟ್ಟು, ಜೊತೆಗೆ ದನಕರುಗಳನ್ನು ಹೊಡೆದುಕೊಂಡು ಹೋಗಲು ಹೇಳಿ, ಬರ್ಮಾದ ಬೆಟ್ಟಗಾಡು ದಾಟಿಸಿ ಮೂರು ಡಿವಿಜನ್‌ಗಳನ್ನು ಕಳುಹಿಸಿದರು. ಆ ಜಾನುವಾರುಗಳಲ್ಲಿ ಬಹಳಷ್ಟು ಚಿಂದ್ವಿನ್ ನದಿಯಲ್ಲಿಯೂ ಕಡಿದಾದ ದಾರಿಯಲ್ಲಿಯೂ ಸತ್ತವು. ಕೊಹಿಮಾದಲ್ಲಿದ್ದ ಡಿವಿಜನ್‌ನ ನಾಯಕ ಸಾತೊ ಕೊತೊಕು, ಅಕ್ಕಿಯೂ ಗುಂಡುಗಳೂ ಬರುತ್ತಿಲ್ಲವೆಂದು ಮೇಲಿಂದ ಮೇಲೆ ತಂತಿ ಕಳುಹಿಸಿ, ಕೊನೆಗೆ ಆಜ್ಞೆ ಮೀರಿ ತಮ್ಮ ಸೈನಿಕರನ್ನು ಹಿಂದಕ್ಕೆ ಕರೆದೊಯ್ದರು. ಸೇನಾ ನ್ಯಾಯಾಲಯದಲ್ಲಿ ವಿಚಾರಣೆಯಾದರೆ ಸತ್ಯ ಹೊರಬೀಳುತ್ತಿತ್ತು. ಅದನ್ನು ತಪ್ಪಿಸಲು, ಅವರ ಮನಸ್ಸು ಕೆಟ್ಟಿದೆಯೆಂದು ಹೇಳಿ ಹುದ್ದೆಯಿಂದ ತೆಗೆದರು. ಆ ದಂಡಯಾತ್ರೆಯಲ್ಲಿ ಸತ್ತ ಸುಮಾರು 30 ಸಾವಿರ ಜಪಾನೀಯರಲ್ಲಿ ಬಹುಪಾಲು ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಸ್ವತಃ ಚೀನಾದಲ್ಲಿ ಸೈನ್ಯಾಧಿಕಾರಿಯಾಗಿದ್ದ ಇತಿಹಾಸಕಾರ ಫುಜಿವಾರಾ ಅಕಿರಾ, ಯುದ್ಧದಲ್ಲಿ ಮಡಿದ ಸುಮಾರು 23 ಲಕ್ಷ ಜಪಾನೀ ಸೈನಿಕರಲ್ಲಿ 14 ಲಕ್ಷದಷ್ಟು ಜನರ ಸಾವಿಗೆ ಹಸಿವು ಮತ್ತು ಪೋಷಣೆಯ ಕೊರತೆ ಕಾರಣವೆಂದು ಅಂದಾಜಿಸಿದ್ದಾರೆ. ಬೇರೆ ಇತಿಹಾಸಕಾರರು ಪ್ರಮಾಣ ಇದಕ್ಕಿಂತ ಕಡಿಮೆ ಎನ್ನುತ್ತಾರೆ. ಆದರೆ ಲಕ್ಷಾಂತರ ಎಂಬುದರಲ್ಲಿ ವಿವಾದವಿಲ್ಲ. ಇವರನ್ನು ಆತ್ಮಾಹುತಿ ಮಾಡಿಕೊಂಡವರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಶತ್ರುಗಳ ಹಡಗುಗಳಿಗೆ ವಿಮಾನಸಮೇತ ಅಪ್ಪಳಿಸಿ ಸಾಯುತ್ತಿದ್ದ ಕಾಮಿಕಾಜೆ ವಿಮಾನಚಾಲಕರು ಮನಸಾರೆ ಮುಂದೆ ಬಂದವರೇ, ಬಲವಂತಕ್ಕೆ ಒಳಗಾದವರೇ?
(ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಎರಡೂ ಬಗೆಯವರಿದ್ದರು, ಇವೆರಡರ ನಡುವೆ ಸಿಕ್ಕಿಕೊಂಡವರು ಇನ್ನೂ ಹೆಚ್ಚು. ವೈಸ್ ಅಡ್ಮಿರಲ್ ಓನಿಶಿ ತಕಿಜಿರೊ ಫಿಲಿಪ್ಪೀನ್ಸಿನಲ್ಲಿ ಕಟ್ಟಿದ ಮೊದಲ ದಳದ ನಾಯಕ ಸೆಕಿ ಯುಕಿಯೊ ಅವರನ್ನು ಮೇಲಧಿಕಾರಿಗಳೇ ಆರಿಸಿ ಕೇಳಿದ್ದರು. 1944ರ ಅಕ್ಟೋಬರ್ 25ರಂದು ಆ ದಳ ಅಮೆರಿಕದ ವಿಮಾನವಾಹಕ ನೌಕೆಯೊಂದನ್ನು ಮುಳುಗಿಸಿತು. ಮುಂದೆ ಹಲವು ನೆಲೆಗಳಲ್ಲಿ ಚೀಟಿ ಕೊಟ್ಟು, ಉತ್ಕಟವಾಗಿ ಬಯಸುತ್ತೇನೆ, ಬಯಸುತ್ತೇನೆ, ಬಯಸುವುದಿಲ್ಲ ಎಂಬ ಮೂರರಲ್ಲಿ ಒಂದನ್ನು ಗುರುತಿಸಲು ಹೇಳುತ್ತಿದ್ದರು. ಗೆಳೆಯರೆಲ್ಲ ಪಕ್ಕದಲ್ಲಿ ಕುಳಿತಿರುವಾಗ, ಹೆಸರು ಬರೆದು ಕೊಡಬೇಕಾದ ಚೀಟಿಯಲ್ಲಿ ಒಲ್ಲೆ ಎನ್ನುವುದು ಇಪ್ಪತ್ತರ ಹರೆಯದ ಹುಡುಗನಿಗೆ ಎಷ್ಟು ಸಾಧ್ಯವೆಂಬುದನ್ನು ನೀವೇ ಊಹಿಸಬಹುದು.

ವಿಮಾನದಾಳಿಗಳಲ್ಲಿ ಹೀಗೆ ಮಡಿದವರು ನಾಲ್ಕು ಸಾವಿರದ ಆಸುಪಾಸು. ಅವರಲ್ಲಿ 1943ರಲ್ಲಿ ಓದನ್ನು ಅರ್ಧಕ್ಕೆ ಬಿಡಿಸಿ ಸೇನೆಗೆ ಸೇರಿಸಿದ ವಿದ್ಯಾರ್ಥಿಗಳೂ ಬಹಳ ಮಂದಿ ಇದ್ದರು. ಕೇಯೊ ವಿಶ್ವವಿದ್ಯಾಲಯದ ಉಎಹರಾ ರ್ಯೋಜಿ, 1945ರ ಮೇ 11ರಂದು ಓಕಿನಾವಾ ಬಳಿ ಸಾಯುವ ಮುನ್ನ ಬರೆದಿಟ್ಟ ಬರಹದಲ್ಲಿ, ಸ್ವಾತಂತ್ರ್ಯಕ್ಕೇ ಕೊನೆಯ ಗೆಲುವೆಂದೂ ಸರ್ವಾಧಿಕಾರದ ದೇಶಗಳು ಕುಸಿಯುವುದು ಖಚಿತವೆಂದೂ ಹೇಳಿದ್ದಾರೆ. ತಮ್ಮ ದೇಶ ಸೋಲುತ್ತದೆಂದು ತಿಳಿದೇ ಹೊರಟವರು ಅವರು.

ಒಪ್ಪದವರೂ ಇದ್ದರು. ನೌಕಾಪಡೆಯ ಅಧಿಕಾರಿ ಮಿನೊಬೆ ತದಾಶಿ, ತಮ್ಮ ದಳವನ್ನು ರಾತ್ರಿ ದಾಳಿಗೆ ತರಬೇತುಗೊಳಿಸಿ, ಅದನ್ನು ಆತ್ಮಾಹುತಿ ದಾಳಿಗೆ ಬಳಸುವುದನ್ನು ವಿರೋಧಿಸಿದರು. ಭೂಸೇನೆಯ ಯುವ ಚಾಲಕ ಸಾಸಾಕಿ ತೊಮೊಜಿಯವರನ್ನು ಒಂಬತ್ತು ಸಲ ಸಾಯಲು ಕಳುಹಿಸಿದರೂ, ಬಾಂಬು ಹಾಕಿ ಮತ್ತೆ ಬಂದು ದಾಳಿ ಮಾಡುವುದೇ ಚಾಲಕನ ಕೆಲಸವೆಂದು ನಂಬಿ ಅವರು ಪ್ರತಿ ಸಲವೂ ಜೀವಂತವಾಗಿ ಮರಳಿದರು. ಅಷ್ಟರಲ್ಲಿ ಅವರು ವೀರಮರಣ ಹೊಂದಿದರೆಂದು ಪ್ರಕಟಿಸಿ ಆಗಿದ್ದುದರಿಂದ ಮೇಲಧಿಕಾರಿಗಳಿಗೆ ಅವರು ಬದುಕಿರುವುದೇ ಅಡ್ಡಿಯಾಗಿತ್ತು. ಸಾಸಾಕಿ 2016ರವರೆಗೆ ಬಾಳಿದರು.

ನೀವು ಈ ಚಾಲಕರ ಕೊನೆಯ ಪತ್ರಗಳ ಮೇಲೆ ಪ್ರಬಂಧ ಬರೆಯುವುದಾದರೆ ಒಂದನ್ನು ಗಮನಿಸಿ. ಮನೆಗೆ ಕಳುಹಿಸಿದ ಅಧಿಕೃತ ಪತ್ರಗಳನ್ನು ಸೇನೆ ಪರಿಶೀಲಿಸುತ್ತಿತ್ತು; ತಾಯಿ ನೊಂದುಕೊಳ್ಳದಿರಲೆಂದು ಮಕ್ಕಳೂ ಧೈರ್ಯದ ಮಾತುಗಳನ್ನೇ ಬರೆಯುತ್ತಿದ್ದರು. ಆದ್ದರಿಂದ ಆ ಪತ್ರಗಳ ಜೊತೆಗೆ, ಪರಿಶೀಲಕರ ಕಣ್ಣು ತಪ್ಪಿಸಿ ಉಳಿದ ದಿನಚರಿಗಳನ್ನೂ ಬದುಕುಳಿದವರ ಹೇಳಿಕೆಗಳನ್ನೂ ಎದುರುಬದುರು ಇಟ್ಟುಕೊಂಡು ಓದಿದರೆ ಮಾತ್ರ ನಿಮ್ಮ ಪ್ರಶ್ನೆಗೆ ಒಬ್ಬೊಬ್ಬರ ವಿಷಯದಲ್ಲಿಯೂ ಬೇರೆ ಬೇರೆ ಉತ್ತರ ಸಿಗುತ್ತದೆ.