ಪಿಟೀಲು ನಮ್ಮದಾದದ್ದು ಹೇಗೆ?

ಪಿಟೀಲು ವಿದೇಶದ್ದಾದರೆ ಅದರಲ್ಲಿ ಗಮಕ (ಸ್ವರವನ್ನು ಜಾರಿಸಿ, ಅಲುಗಿಸಿ ನುಡಿಸುವ ಬಗೆ) ಹೇಗೆ ಕೂತಿತು, ಅರಮನೆಗಳ ಪಾತ್ರ ಏನು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಕರ್ನಾಟಕ ಸಂಗೀತದ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರು ಮದ್ರಾಸಿನ ಕಡೆ ಯುರೋಪಿಯನ್ ಒಬ್ಬರಿಂದ ಪಿಟೀಲು ಕಲಿತರು. ಆಮೇಲೆ ತಮಿಳುನಾಡಿನ ಎಟ್ಟಯಪುರದ ಆಸ್ಥಾನ ಸೇರಿದರು. ತಂಜಾವೂರಿನ ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳ್ ಆಸ್ಥಾನದಲ್ಲಿ ನುಡಿಸಿದರು.

ಗುಟ್ಟು ಇರುವುದು ಕೂರುವ ರೀತಿಯಲ್ಲಿ. ಯುರೋಪಿನವರು ನಿಂತು, ಗಲ್ಲಕ್ಕೆ ಒತ್ತಿ ಹಿಡಿಯುತ್ತಾರೆ. ನಮ್ಮವರು ಚಕ್ಕಳಮಕ್ಕಳ ಹಾಕಿ ಕೂತು, ತುದಿಯನ್ನು ಬಲಪಾದದ ಮೇಲಿಟ್ಟರು. ವಾದ್ಯ ಅಲ್ಲಾಡೋದಿಲ್ಲ, ಹಾಗಾಗಿ ಎಡಗೈ ತಂತಿಯ ಮೇಲೆ ಆರಾಮಾಗಿ ಜಾರುತ್ತದೆ. ಗಮಕಕ್ಕೆ ಬೇಕಾದ್ದು ಅದೇ ಅಲ್ವಾ! ತಂತಿಗಳ ಶ್ರುತಿಯನ್ನೂ ಬದಲಿಸಿದರು. ಅವರದ್ದು ನಮ್ಮ ಲೆಕ್ಕದಲ್ಲಿ ಸ-ಪ-ರಿ-ಧ ಆದರೆ, ನಮ್ಮದು ಸ-ಪ-ಸ-ಪ. ವಾದ್ಯದ ಮರಕ್ಕೆ ಮಾತ್ರ ಯಾರೂ ಕೈ ಹಚ್ಚಲಿಲ್ಲ.

ಮೈಸೂರಿನ ಆಸ್ಥಾನ ವಿದ್ವಾಂಸ ಟಿ. ಚೌಡಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೆ ನಾದ ಮುಟ್ಟುತ್ತಿರಲಿಲ್ಲ. ನಾದ ಜೋರಾಗಲೆಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿಬಿಟ್ಟರು. ಶ್ರುತಿ ಮಾಡೋದು ಎಷ್ಟು ತಲೆನೋವೋ, ಪಿಟೀಲು ಹಿಡಿದವರನ್ನೇ ಕೇಳಿ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ನೋಡಿದ್ದೀರಾ? ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ.