ಗ್ಯಾರೇಜ್ ಮಾತು: ಕಮ್ಮಿ ಓಡಿದ ಬಿಎಂಡಬ್ಲ್ಯು, ಅಪ್ಪನ ಬೆಂಜ್

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಹಳೇ ದುಬಾರಿ ಕಾರುಗಳದ್ದೇ. ಸಂತೋಷ. ಜೆ.ಸಿ. ರಸ್ತೆಯ ಅಂಗಡಿಗಳಿಂದ ಗ್ಯಾರೇಜಿಗೆ ಪಾರ್ಟ್ಸ್ ಹೊತ್ತು ತರುವ ಹುಡುಗನಾಗಿದ್ದ ಕಾಲದಿಂದಲೂ ಈ ಗಾಡಿಗಳ ಮೇಲೆ ನನಗೆ ಪ್ರೀತಿ. ಆ ಪ್ರೀತಿ ಇಟ್ಟುಕೊಂಡೇ ಉತ್ತರ ಬರೆದಿದ್ದೇನೆ. ಕೆಲವು ಕಡೆ 'ಬೇಡ' ಅಂದಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಬೆಂಗಳೂರಿನ ಏಜೆಂಟ್ ಒಬ್ಬರು 2010ರ ಬಿಎಂಡಬ್ಲ್ಯು 520ಡಿ ತೋರಿಸಿದ್ದಾರೆ. ಐದೂವರೆ ಲಕ್ಷ ಹೇಳ್ತಿದ್ದಾರೆ. ಬರೀ 62,000 ಕಿಲೋಮೀಟರ್ ಓಡಿದೆ, ಒಳಗೆ ಹೊಸದರ ಹಾಗೇ ಇದೆ. 'ಅದೇ ದುಡ್ಡಿಗೆ ಹೊಸ ಸಣ್ಣ ಕಾರು ಬರುತ್ತಲ್ಲ' ಅಂತ ಮನೆಯವಳ ತಕರಾರು. ಇಷ್ಟು ಕಮ್ಮಿ ಓಡಿದ ಗಾಡಿಯನ್ನು ನಂಬಬಹುದಲ್ವಾ ಸರ್?
ಓದುಗರು, ಸಾಗರ

ಉತ್ತರ: ಮೊದಲು ಆ 62,000ದ ಲೆಕ್ಕ ನೋಡೋಣ. 15 ವರ್ಷಕ್ಕೆ ಹಂಚಿದರೆ ದಿನಕ್ಕೆ 11 ಕಿಲೋಮೀಟರ್. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮನೆಯಿಂದ ಆಫೀಸು, ಆಫೀಸಿಂದ ಮನೆ. ಡೀಸೆಲ್ ಇಂಜಿನ್ ಸರಿಯಾಗಿ ಬಿಸಿಯಾಗುವ ಮುಂಚೆಯೇ ಆಫ್ ಆಗಿರುತ್ತದೆ. ಹೀಗೆ ಓಡಿಸಿದ ಗಾಡಿಯ ಇಜಿಆರ್‌ನಲ್ಲಿ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ವಾಲ್ವ್), ಗಾಳಿ ಒಳಗೆ ಹೋಗುವ ಇನ್‌ಟೇಕ್‌ನಲ್ಲಿ ಮಸಿ ಗಟ್ಟಿಯಾಗಿ ಕೂತಿರುತ್ತದೆ. ಹೈವೇಯಲ್ಲಿ 1,20,000 ಓಡಿ ಬಿಲ್ಲು ಸಮೇತ ಬಂದ ಗಾಡಿ ಸಿಕ್ಕಿದರೆ ನಾನು ಅದನ್ನೇ ಆರಿಸುತ್ತೇನೆ. ಮೀಟರ್ ತಿರುಗಿಸಿದ್ದಾರಾ ಅನ್ನೋದು ಇನ್ನೊಂದು ಅನುಮಾನ. ಬ್ರೇಕ್ ಪೆಡಲ್‌ನ ರಬ್ಬರ್ ನುಣ್ಣಗಾಗಿದೆಯಾ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಸವೆದಿದೆಯಾ ನೋಡಿ. ಸರ್ವಿಸ್ ಬಿಲ್ಲುಗಳಲ್ಲಿ ಕಿಲೋಮೀಟರ್ ಬರೆದಿರುತ್ತಾರೆ. ಅದು ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದಿರಬೇಕು.

ಇನ್ನೊಂದು ವಿಷಯ. ಕಬ್ಬಿಣ ಓಡಿದರೆ ಸವೆಯುತ್ತದೆ. ರಬ್ಬರ್, ಪ್ಲಾಸ್ಟಿಕ್, ವೈರಿನ ಹೊದಿಕೆ ಶೆಡ್ಡಿನಲ್ಲಿ ನಿಂತಿದ್ದರೂ ಹಾಳಾಗುತ್ತವೆ. ಅವಕ್ಕೆ ಮೀಟರ್ ಲೆಕ್ಕ ಇಲ್ಲ, ವಯಸ್ಸಿನ ಲೆಕ್ಕ. ಹೋದ ವರ್ಷ ನನ್ನ ಹತ್ತಿರ ಇದೇ ಮಾಡೆಲಿನ 48,000 ಓಡಿದ ಗಾಡಿ ಬಂತು. ಪೇಂಟ್ ಕನ್ನಡಿ ಹಾಗಿತ್ತು. ತಣ್ಣಗಿದ್ದಾಗ ಕೂಲಂಟ್ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಮುಚ್ಚಳದ ಜೊತೆ ಟ್ಯಾಂಕಿನ ಕುತ್ತಿಗೆಯೂ ಹಪ್ಪಳದ ಥರ ಮುರಿದು ಕೈಗೆ ಬಂತು. ಒಳಗಿನ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಓನರ್ ಅವತ್ತೇ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಡುವವರಿದ್ದರು. ದಾರಿಯಲ್ಲಿ ಒಡೆದಿದ್ದರೆ ಕೂಲಂಟ್ ಪೂರ್ತಿ ಸುರಿದು ಇಂಜಿನ್ ಕಾದು ಹೆಡ್ ಹೋಗುತ್ತಿತ್ತು. ಟ್ಯಾಂಕ್, ಹೋಸ್‌ಗಳು, ಇಂಜಿನ್ ಮೌಂಟಿಂಗ್, ಮುಂದಿನ ಚಕ್ರ ಹಿಡಿದಿರುವ ಆರ್ಮ್‌ಗಳ ರಬ್ಬರ್ ಬುಷ್, ಟರ್ಬೋ ಪೈಪು, ಇವನ್ನೆಲ್ಲ 15 ವರ್ಷದ ಗಾಡಿಯಲ್ಲಿ ಮುಗಿದವು ಅಂತಲೇ ಲೆಕ್ಕ ಹಾಕಿ. ಹೊಸದು ಹಾಕಿದ ಬಿಲ್ಲು ತೋರಿಸಿದರೆ ಮಾತ್ರ ಆ ಲೆಕ್ಕ ಬಿಡಿ.

ಇನ್ನು ಈ ಮಾಡೆಲಿನದ್ದೇ ಎರಡು ದೊಡ್ಡ ಖರ್ಚು. ಇಂಜಿನ್ ಎನ್47. ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಇದರಲ್ಲಿ ಇರುವುದು ಹಿಂಬದಿ, ಗೇರ್‌ಬಾಕ್ಸ್ ಕಡೆ. 2007ರಿಂದ 2011ರವರೆಗಿನ ಇಂಜಿನ್‌ಗಳಲ್ಲಿ ಈ ಚೈನ್ ಸವೆದು ತೊಂದರೆ ಕೊಟ್ಟದ್ದು ಲೋಕಕ್ಕೇ ಗೊತ್ತು. ಮುಂಬದಿ ಇದ್ದಿದ್ದರೆ ಕೆಲಸ ಸಣ್ಣದು. ಹಿಂದೆ ಇರುವುದರಿಂದ ಗೇರ್‌ಬಾಕ್ಸನ್ನೋ ಇಂಜಿನ್ನನ್ನೋ ಇಳಿಸಲೇಬೇಕು. ಚೈನ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ, ಇಂಜಿನ್ ಮುಗಿಯಿತು. ನೋಡಲು ಹೋಗುವ ದಿನ 'ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ' ಅಂತ ಮೊದಲೇ ಹೇಳಿ. ಬೆಳಿಗ್ಗೆ ತಣ್ಣಗಿರುವಾಗ ಬಾನೆಟ್ ಎತ್ತಿ, ಮುಂದಿನ ಗ್ಲಾಸಿನ ಕಡೆ ಕಿವಿ ಕೊಟ್ಟು, ಬೇರೆಯವರಿಂದ ಸ್ಟಾರ್ಟ್ ಮಾಡಿಸಿ. ಆ ಮೂಲೆಯಿಂದ ಕರಕರ ಅಂತ ಉಜ್ಜುವ ಸದ್ದು ಬಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೂ ನಿಲ್ಲಿಸಿ.

ಎರಡನೆಯದು ಗೇರ್‌ಬಾಕ್ಸ್. ಜೆಡ್‌ಎಫ್ ಕಂಪನಿಯ 6 ಸ್ಪೀಡ್. ಒಳ್ಳೆಯ ಗೇರ್‌ಬಾಕ್ಸ್, ಅನುಮಾನವೇ ಇಲ್ಲ. 'ಇದರ ಆಯಿಲ್ ಜೀವನಪೂರ್ತಿ, ಬದಲಿಸುವುದೇ ಬೇಡ' ಅಂತ ಕಾರಿನ ಕಂಪನಿ ಹೇಳಿತ್ತು. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ನಾನು ಮಾಡಿದವರ ಮಾತು ನಂಬುತ್ತೇನೆ. ನಿಮ್ಮ ಗಾಡಿಯಲ್ಲಿ 15 ವರ್ಷದ ಹಳೇ ಆಯಿಲ್ಲೇ ಇರಬಹುದು. ಫಿಲ್ಟರ್ ಬೇರೆ ಅಲ್ಲ, ಕೆಳಗಿನ ಪ್ಲಾಸ್ಟಿಕ್ ಪ್ಯಾನಿನ ಒಳಗೇ ಸೇರಿಸಿದ್ದಾರೆ. ಹಾಗಾಗಿ ಪ್ಯಾನ್ ಸಮೇತ ಬದಲಿಸಬೇಕು.

ಬೆಲೆ ಐದೂವರೆ ಲಕ್ಷಕ್ಕೆ ಇಳಿದಿದೆ ನಿಜ. ಆದರೆ ಅದು ಹೊಸದಾಗಿದ್ದಾಗ 30 ಲಕ್ಷದ ಮೇಲಿನ ಗಾಡಿ. ಪಾರ್ಟ್ಸ್‌ಗೆ ಇವತ್ತೂ ಅದೇ ಲೆಕ್ಕ. ಕೊಂಡ ವರ್ಷವೇ ಎರಡು ಲಕ್ಷ ಖರ್ಚಾಗುತ್ತದೆ ಅಂತ ದುಡ್ಡು ಎತ್ತಿಡಬೇಕು. ಜೊತೆಗೆ ಆರ್‌ಸಿ ನೋಡಿ. 15 ವರ್ಷ ಮುಗಿದರೆ ಆರ್‌ಟಿಒ ಆಫೀಸಿನಲ್ಲಿ ಗಾಡಿ ತೋರಿಸಿ ಎಫ್‌ಸಿ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು. ಅದನ್ನು ಮಾರುವವರೇ ಮಾಡಿಕೊಡಲಿ.

ನನ್ನ ಮಾತು ಇಷ್ಟು. ಮನೆಯಲ್ಲಿ ಇರುವುದು ಇದೊಂದೇ ಕಾರು ಆಗುವುದಾದರೆ ಬೇಡ. ಸಾಗರದಲ್ಲಿ ಮಳೆಗಾಲದ ರಾತ್ರಿ ಯಾರಿಗೋ ಹುಷಾರಿಲ್ಲದಾಗ ಈ ಗಾಡಿ ಮೊಂಡು ಹಿಡಿದರೆ ಏನು ಮಾಡುತ್ತೀರಿ? ಈ ಗಾಡಿ ಗೊತ್ತಿರುವ ಮೆಕ್ಯಾನಿಕ್ ಬೆಂಗಳೂರಿನಲ್ಲಿದ್ದಾನೆ ಅಂದರೆ 350 ಕಿಲೋಮೀಟರ್ ಹತ್ತಿರ ಆಯಿತು. ಹಗ್ಗ ಕಟ್ಟಿ ಎಳೆಯುವ ಹಾಗೂ ಇಲ್ಲ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ನಾಲ್ಕೂ ಚಕ್ರ ಮೇಲೆ ಬರುವ ಹಾಗೆ ಲಾರಿ ಮೇಲೆ ಏರಿಸಿಯೇ ಕಳಿಸಬೇಕು. ಸ್ಟೆಪ್ನಿ ಸಾಮಾನ್ಯವಾಗಿ ಇರುವುದಿಲ್ಲ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರು. ನಿಮ್ಮ ಕಡೆಯ ಗುಂಡಿಗೆ ಬಿದ್ದು ಪಕ್ಕ ಸೀಳಿದರೆ ಅದೇ ಅಳತೆಯ ಟೈರು ಸಾಗರದಲ್ಲಿ ಅವತ್ತೇ ಸಿಗುವುದಿಲ್ಲ. ಮನೆಯವರ ಮಾತು ಕೇಳಿ, ಮೊದಲು ಆ ಹೊಸ ಸಣ್ಣ ಕಾರು ತನ್ನಿ. ಎರಡು ವರ್ಷ ಬಿಟ್ಟು ಆಸೆ ಹಾಗೇ ಇದ್ದರೆ ನನಗೆ ಬರೆಯಿರಿ. ಎರಡನೇ ಕಾರಾಗಿ ಒಳ್ಳೇ 520ಡಿ ಆರಿಸಲು ಖಂಡಿತ ಸಹಾಯ ಮಾಡುತ್ತೇನೆ. ಅದರ ಸ್ಟೇರಿಂಗ್ ಹಿಡಿದವರಿಗೆ ಆಸೆ ಯಾಕೆ ಬರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಅಪ್ಪ ಹೋಗಿ ಎರಡು ವರ್ಷವಾಯಿತು. ಅವರ 2005ರ ಬೆಂಜ್ ಇ 220 ಸಿಡಿಐ ನಮ್ಮಲ್ಲೇ ಇದೆ. ತಿಂಗಳಿಗೆ ಒಂದೆರಡು ಸಲ ಓಡಿಸುತ್ತೇನೆ. ಈಗ ಎರಡನೇ ಗೇರ್ ಬಿಟ್ಟು ಮೇಲೆ ಹೋಗುತ್ತಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಅದೇ. ಒಂದು ವರ್ಕ್‌ಶಾಪ್‌ನಲ್ಲಿ ಗೇರ್‌ಬಾಕ್ಸೇ ಬದಲಿಸಬೇಕು, ಗಾಡಿಯ ಬೆಲೆಗಿಂತ ಜಾಸ್ತಿ ಆಗುತ್ತೆ, ಗುಜರಿಗೆ ಹಾಕಿ ಅಂದರು. ಅಪ್ಪನ ಕಾರು ಸರ್, ಮನಸ್ಸು ಬರುತ್ತಿಲ್ಲ.
ಓದುಗರು, ಮೈಸೂರು

ಉತ್ತರ: ತಾಯಿ, ಗುಜರಿ ಮಾತು ಈಗಲೇ ಬೇಡ. ನೀವು ಬರೆದ ಲಕ್ಷಣ ಓದಿದ ಕೂಡಲೇ ನನಗೆ ನೆನಪಾದದ್ದು ಹೆಬ್ಬೆರಳು ಗಾತ್ರದ ಒಂದು ಪ್ಲಾಸ್ಟಿಕ್ ಪ್ಲಗ್.

ನಿಮ್ಮ ಗಾಡಿಯದ್ದು ಬೆಂಜ್‌ನ 5 ಸ್ಪೀಡ್ ಗೇರ್‌ಬಾಕ್ಸ್, 722.6 ಅನ್ನುತ್ತೇವೆ. ಬಲು ಗಟ್ಟಿ. ಇದರ ಒಳಗಿನ ವೈರುಗಳು ಹೊರಗೆ ಬರುವ ಕಡೆ 13 ಪಿನ್ನಿನ ಒಂದು ಪ್ಲಗ್ ಇದೆ. ಅದಕ್ಕೆ ಎರಡು ತೆಳ್ಳನೆಯ ರಬ್ಬರ್ ರಿಂಗು. ವಯಸ್ಸಾದ ಮೇಲೆ ಆ ರಿಂಗು ಗಟ್ಟಿಯಾಗಿ ಆಯಿಲ್ ಜಿನುಗುತ್ತದೆ. ಕೆಳಗೆ ತೊಟ್ಟಿಕ್ಕಿದರೆ ಕಣ್ಣಿಗೆ ಬೀಳುತ್ತಿತ್ತು. ಆದರೆ ಅದು ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ವೈರಿನೊಳಗೇ ಮೇಲಕ್ಕೆ ಏರಿ ಗೇರ್‌ಬಾಕ್ಸ್ ಕಂಪ್ಯೂಟರಿನ ತನಕ ಹೋಗುತ್ತದೆ. ಕಂಪ್ಯೂಟರಿಗೆ ಸಿಗ್ನಲ್ ತಪ್ಪುತ್ತದೆ. ಆಗ ಗಾಡಿ ತನ್ನನ್ನು ಉಳಿಸಿಕೊಳ್ಳಲು ಎರಡನೇ ಗೇರಿನಲ್ಲೇ ನಿಂತುಬಿಡುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮರೆತು ಮತ್ತೆ ಶುರು. ನೀವು ಹೇಳಿದ್ದೂ ಅದನ್ನೇ ಅಲ್ವಾ?

ಬೇರೆ ಕಾರಣಗಳೂ ಇರಬಹುದು. ಗೇರ್‌ಬಾಕ್ಸ್ ಒಳಗಿನ ಸೆನ್ಸರ್ ಪ್ಲೇಟ್ ಕೆಟ್ಟರೂ ಹೀಗೇ ಆಗುತ್ತದೆ. ಹಾಗಾಗಿ ಮೊದಲು ಬೆಂಜ್ ಓದಬಲ್ಲ ಸ್ಕ್ಯಾನರ್ ಇರುವ ಕಡೆ ದೋಷದ ಕೋಡ್ ನೋಡಿಸಿ. ಆಮೇಲೆ ಗೇರ್‌ಬಾಕ್ಸ್ ಕಂಪ್ಯೂಟರಿನ ಸಾಕೆಟ್ ಬಿಚ್ಚಿಸಿ, ಪಿನ್ನುಗಳ ಮೇಲೆ ಬಿಳಿ ಟಿಶ್ಯೂ ಒತ್ತಿ ನೋಡಲು ಹೇಳಿ. ನೀವೂ ಪಕ್ಕದಲ್ಲೇ ನಿಂತಿರಿ. ಟಿಶ್ಯೂಗೆ ಎಣ್ಣೆ ಅಂಟಿದರೆ ಉತ್ತರ ಸಿಕ್ಕಿತು. ಪ್ಲಗ್ ಹೊಸದು ಹಾಕಿ, ವೈರು, ಸಾಕೆಟ್ ಶುಚಿ ಮಾಡಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದರೆ ಎಷ್ಟೋ ಗಾಡಿ ಸರಿಯಾಗುತ್ತವೆ. ಪ್ಲಗ್ಗಿನ ಬೆಲೆ ಸಾವಿರಗಳಲ್ಲಿ, ಲಕ್ಷಗಳಲ್ಲಲ್ಲ. ಸ್ಕ್ಯಾನ್ ಕೂಡ ಮಾಡದೆ ಗೇರ್‌ಬಾಕ್ಸ್ ಬದಲಿಸಿ ಅಂದಿದ್ದರೆ ಅದು ತಪ್ಪು. ಒಂದು ಮನೆಯವರ ನೆನಪು ಇರುವ ಗಾಡಿಗೆ ಅಷ್ಟು ಸುಲಭವಾಗಿ ಗುಜರಿ ಅನ್ನಬಾರದು.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರು. 2006ರ ಬದಲಾವಣೆಗೆ ಮುಂಚಿನ ನಿಮ್ಮ ಮಾಡೆಲಿನಲ್ಲಿ ಎಸ್‌ಬಿಸಿ ಅನ್ನುವ ಎಲೆಕ್ಟ್ರಾನಿಕ್ ಬ್ರೇಕ್ ಇದೆ. ಬಾಗಿಲು ತೆಗೆದಾಗ ಮುಂದಿನಿಂದ 'ಗುಂಯ್' ಅಂತ ಸಣ್ಣ ಸದ್ದು ಕೇಳಿರಬೇಕು, ಅದು ಇದರ ಪಂಪ್. ಎಷ್ಟು ಸಲ ಬ್ರೇಕ್ ಒತ್ತಿದ್ದೀರಿ ಅಂತ ಅದು ಲೆಕ್ಕ ಇಡುತ್ತದೆ. ಲೆಕ್ಕ ಮುಗಿದಾಗ ಮೀಟರಿನಲ್ಲಿ ಎಚ್ಚರಿಕೆ ಬರುತ್ತದೆ. ಬಂದ ದಿನವೇ ಗಾಡಿ ನಿಲ್ಲಿಸಿ, ನಾಳೆ ನೋಡೋಣ ಅನ್ನಬೇಡಿ. ಇದನ್ನು ತಿಳಿಯದವರಿಂದ ಬ್ರೇಕ್ ಪ್ಯಾಡ್ ಹಾಕಿಸಲೂ ಬೇಡಿ. ಕೀ ತೆಗೆದಿದ್ದರೂ ಬಾಗಿಲು ತೆಗೆದರೆ ಸಾಕು, ಪಂಪ್ ಎಚ್ಚರವಾಗಿ ಬ್ರೇಕಿನ ಪಿಸ್ಟನ್ ಹೊರಗೆ ತಳ್ಳುತ್ತದೆ. ಕೆಲಸ ಮಾಡುವ ಹುಡುಗನ ಬೆರಳು ಜಜ್ಜಿಹೋಗುತ್ತದೆ. ಮೊದಲು ಸ್ಕ್ಯಾನರಿನಿಂದ ಅದನ್ನು ಮಲಗಿಸಬೇಕು.

ತಿಂಗಳಿಗೆ ಒಂದೆರಡು ಸಲ ಸಾಲದು. ವಾರಕ್ಕೊಮ್ಮೆ ಶ್ರೀರಂಗಪಟ್ಟಣದ ತನಕ ಹೋಗಿ ಬನ್ನಿ. ಇಂಜಿನ್ ಪೂರ್ತಿ ಬಿಸಿಯಾಗಲಿ, ಬ್ಯಾಟರಿಯೂ ಚಾರ್ಜ್ ಆಗಲಿ.

ಪ್ರಶ್ನೆ: ದೆಹಲಿ ರಿಜಿಸ್ಟ್ರೇಷನ್ನಿನ ಡೀಸೆಲ್ ಆಡಿ ಎ4 ಇಲ್ಲಿಗಿಂತ ಅರ್ಧ ಬೆಲೆಗೆ ಸಿಗ್ತಿದೆ. ತರಬಹುದಾ?
ಓದುಗರು, ಕಲಬುರಗಿ

ಉತ್ತರ: ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿತ್ತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಬೆಲೆ ಬಿದ್ದದ್ದಕ್ಕೆ ಮುಖ್ಯ ಕಾರಣ ಅದೇ, ಗಾಡಿ ಕೆಟ್ಟಿದೆ ಅಂತಲೇ ಅಲ್ಲ. ಆದರೆ ಅರ್ಧ ಬೆಲೆ ಅನ್ನುವುದು ಕಲಬುರಗಿ ತಲುಪುವಷ್ಟರಲ್ಲಿ ಅರ್ಧವಾಗಿ ಉಳಿಯುವುದಿಲ್ಲ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಓಡಬೇಕಾದರೆ ಕೆಎ ನಂಬರ್ ಮಾಡಿಸಲೇಬೇಕು. ಆಗ ಜೀವಿತಾವಧಿ ತೆರಿಗೆ ಕಟ್ಟಬೇಕು. ನೀವು ಕೊಟ್ಟ ಬೆಲೆ ಅಲ್ಲಿ ಲೆಕ್ಕಕ್ಕೆ ಬರಲ್ಲ. ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಂತೆ ಕಮ್ಮಿ ಮಾಡಿ ಹಾಕುತ್ತಾರೆ. 20 ಲಕ್ಷದ ಮೇಲಿನ ಹೊಸ ಕಾರಿಗೆ ನಮ್ಮಲ್ಲಿ 18 ಪರ್ಸೆಂಟ್, ಮೇಲೆ ಸೆಸ್. ಮೊದಲು ನಿಮ್ಮ ಆರ್‌ಟಿಒ ಆಫೀಸಿಗೆ ಆರ್‌ಸಿ ನಕಲು ಒಯ್ದು ಎಷ್ಟಾಗುತ್ತದೆ ಕೇಳಿ. ದೆಹಲಿ ಆರ್‌ಟಿಒದ ಎನ್‌ಒಸಿ (ಗಾಡಿ ಬೇರೆ ರಾಜ್ಯಕ್ಕೆ ಒಯ್ಯಲು ಆಕ್ಷೇಪ ಇಲ್ಲ ಅನ್ನುವ ಪತ್ರ) ಕೈಗೆ ಬರುವವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ.

ಪ್ರಶ್ನೆ: ಅಪ್ಪನಿಗೆ ಮಂಡಿ ನೋವು. ಮೆತ್ತಗೆ ಹೋಗುವ ದೊಡ್ಡ ಕಾರು ಬೇಕು. ಆರು ಲಕ್ಷದೊಳಗೆ ಹಳೇ ಬೆಂಜ್ ಎಸ್-ಕ್ಲಾಸ್ ಸಿಗುತ್ತಾ, ಟೊಯೋಟಾ ಕ್ಯಾಮ್ರಿ ವಾಸಿಯಾ?
ಓದುಗರು, ಬೆಂಗಳೂರು

ಉತ್ತರ: ಕ್ಯಾಮ್ರಿ. ಆರು ಲಕ್ಷಕ್ಕೆ ಸಿಗುವ ಎಸ್-ಕ್ಲಾಸ್ ನಿಂತಿರುವುದು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ. ಚೀಲ ಸೋರಿದರೆ ಬೆಳಿಗ್ಗೆ ಒಂದು ಮೂಲೆ ಕುಸಿದು ಕೂತಿರುತ್ತದೆ. ನಿಮ್ಮ ಅಪ್ಪನಿಗೆ ಕೆಳಗೆ ಕೂತ ಕಾರಿಗೆ ಹತ್ತುವುದೇ ಕಷ್ಟ. ಹಾಗೇ ಓಡಿಸುತ್ತಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ತಿರುಗಿ ಅದೂ ಸುಟ್ಟುಹೋಗುತ್ತದೆ. ಕ್ಯಾಮ್ರಿಯದ್ದು ಸಾದಾ ಸ್ಪ್ರಿಂಗ್, ಟರ್ಬೋ ಇಲ್ಲದ ಪೆಟ್ರೋಲ್ ಇಂಜಿನ್. 2.4 ಲೀಟರಿನ ಹಳೇ ಮಾಡೆಲ್ ಸಿಕ್ಕರೆ ಒಂದು ಮಾತು: ಕೆಲವು ಇಂಜಿನ್ ಆಯಿಲ್ ಕುಡಿಯುತ್ತವೆ. ಡಿಪ್‌ಸ್ಟಿಕ್ ನೋಡಿ, ಎರಡು ಸರ್ವಿಸ್ ನಡುವೆ ಎಷ್ಟು ಟಾಪ್ ಅಪ್ ಮಾಡುತ್ತಿದ್ದರು ಅಂತ ಕೇಳಿ. ಕೊಳ್ಳುವ ಮುಂಚೆ ಅಪ್ಪನನ್ನು ಕರೆದುಕೊಂಡು ಹೋಗಿ, ಹಿಂದಿನ ಸೀಟಿಗೆ ಎರಡು ಸಲ ಹತ್ತಿಸಿ ಇಳಿಸಿ.

ಪ್ರಶ್ನೆ: ನೆರೆಯಲ್ಲಿ ಮುಳುಗಿದ ಗಾಡಿ ಅಂತ ತಿಳಿಯುವುದು ಹೇಗೆ?
ಓದುಗರು, ಮಂಗಳೂರು

ಉತ್ತರ: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸೀಟು, ಕಾರ್ಪೆಟ್ ತೊಳೆಯುತ್ತಾರೆ, ಬೆಲ್ಟಿನ ಒಳಸುತ್ತು ತೊಳೆಯಲು ಮರೆಯುತ್ತಾರೆ. ಕೆಸರಿನ ಗೆರೆ ಅಲ್ಲಿ ಹಾಗೇ ಕೂತಿರುತ್ತದೆ. ಸೀಟಿನ ಕೆಳಗಿನ ರೈಲು, ಬೋಲ್ಟುಗಳಲ್ಲಿ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯ ತಳದಲ್ಲಿ ಹೂಳು ಇದೆಯಾ ಟಾರ್ಚ್ ಬಿಟ್ಟು ನೋಡಿ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ನೀರು ನುಗ್ಗಿದಾಗ ದುಬಾರಿ ಗಾಡಿಗಳೂ ಮುಳುಗಿದ್ದವು. ಆ ತಿಂಗಳುಗಳ ನಂತರ ಇನ್ಷೂರೆನ್ಸ್‌ನಲ್ಲಿ ದೊಡ್ಡ ಕ್ಲೇಮ್ ಆಗಿದೆಯಾ ಅಂತ ಪಾಲಿಸಿ ನಂಬರ್ ಹಿಡಿದು ವಿಚಾರಿಸಿ. ಈ ಗಾಡಿಗಳಲ್ಲಿ ಕಂಪ್ಯೂಟರುಗಳು ಕಾರ್ಪೆಟ್ ಕೆಳಗೆ, ಡಿಕ್ಕಿಯಲ್ಲಿ ಎಲ್ಲ ಕಡೆ ಇರುತ್ತವೆ. ಒಮ್ಮೆ ನೀರು ಕುಡಿದ ಬೆಂಜ್, ಬಿಎಂಡಬ್ಲ್ಯು ಎಷ್ಟೇ ಕಡಿಮೆಗೆ ಬಂದರೂ ನಾನು ನನ್ನ ಗಿರಾಕಿಗಳಿಗೆ ಕೊಡಿಸುವುದಿಲ್ಲ. ನಿಮಗೂ ಬೇಡ.